ಹಸು ಎದ್ದಿಲ್ಲ, ಮೇವು ಮುಟ್ಟಿಲ್ಲ: ಔಷಧಿಗೆ ಕೈ ಹಾಕುವ ಮೊದಲು

ಹಾಲು ಜ್ವರದಲ್ಲಿ ಜ್ವರ ಇರುವುದಿಲ್ಲ. ಇದೊಂದು ಮಾತು ನನಗೆ ಮೊದಲೇ ಗೊತ್ತಿದ್ದರೆ ನಮ್ಮ ಗೌರಿ ಅಷ್ಟು ನರಳುತ್ತಿರಲಿಲ್ಲ.

ಪುನರ್ವಸು ಮಳೆ ಹಿಡಿದುಕೊಂಡಿತ್ತು. ಗೌರಿ ಜರ್ಸಿ ಕ್ರಾಸ್ ಹಸು, ನಾಲ್ಕನೇ ಕರು. ರಾತ್ರಿ ಹತ್ತರ ಸುಮಾರಿಗೆ ಕರು ಹಾಕಿತು, ಕಸವೂ (ಮಾಸು) ಬಿತ್ತು, ಎಲ್ಲ ಸರಿಯಾಯಿತು ಅಂತ ಮಲಗಿದೆವು. ಬೆಳಿಗ್ಗೆ ಹೋಗಿ ನೋಡಿದರೆ ಕುತ್ತಿಗೆ ತಿರುಗಿಸಿ ತಲೆಯನ್ನು ಪಕ್ಕೆಗೆ ಒರಗಿಸಿಕೊಂಡು ಮಲಗಿದೆ. ಕರು ಕೂಗಿದರೂ ಕಿವಿ ಆಡಿಸಲಿಲ್ಲ. ಆಚೆಮನೆ ಭಾವ ಬಂದು ನೋಡಿ, "ಹಾಲು ಜ್ವರ ಮಾರಾಯ, ಮೊದಲು ಜ್ವರ ಇಳಿಸು" ಅಂದರು. ಕಾಯಿಲೆಯ ಹೆಸರು ಅವರು ಸರಿಯಾಗಿಯೇ ಹೇಳಿದ್ದರು. ಊರಲ್ಲಿ ಇಂಜೆಕ್ಷನ್ ಕೊಡುವ ಒಬ್ಬರನ್ನು ಕರೆಸಿದೆವು, ಅವರು ಜ್ವರದ ಇಂಜೆಕ್ಷನ್ ಚುಚ್ಚಿ ಹೋದರು. ಮಧ್ಯಾಹ್ನ ಡಾಕ್ಟರು ಬಂದು ಥರ್ಮಾಮೀಟರ್ ಇಟ್ಟಾಗ 97 ಡಿಗ್ರಿ. ಜ್ವರ ಎಲ್ಲಿಂದ ಇಳಿಸುವುದು? ಅಷ್ಟು ಹೊತ್ತೂ ಅದಕ್ಕೆ ಬೇಕಾಗಿದ್ದದ್ದು ಕ್ಯಾಲ್ಸಿಯಂ.

ಎರಡು ವರ್ಷದ ನಂತರ ಇದರ ತದ್ವಿರುದ್ಧ ನಡೆಯಿತು, ಹೊಸನಗರದ ಕಡೆ ಚಿಕ್ಕಮ್ಮನ ಮನೆಯಲ್ಲಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು, ಕರು ಹಾಕಿ 20 ದಿನ. ಮೇವು ಬಿಟ್ಟು ಮಲಗಿತ್ತು. ಈ ಸಲ ಎಲ್ಲರ ತಲೆಯಲ್ಲೂ ಕ್ಯಾಲ್ಸಿಯಂ! ನೋಡಲು ಬಂದವರೊಬ್ಬರು ಬಾಟಲಿ ತೂಗುಹಾಕಿ ನರಕ್ಕೆ ಬಿಟ್ಟರು. ಅರ್ಧ ಬಾಟಲಿ ಮುಗಿಯುವುದರೊಳಗೆ ಹಸು ಒದ್ದಾಡಿ ಸತ್ತೇ ಹೋಯಿತು. ಅದರ ಮೈ ಮೊದಲಿಂದಲೂ ಸುಡುತ್ತಿತ್ತಂತೆ, ಕಿವಿಯ ಒಳಗೆಲ್ಲ ಉಣುಗು (ಉಣ್ಣೆ). ರಕ್ತ ಕಡಿಮೆಯಾಗಿ, ಜ್ವರದಲ್ಲಿ ಹೃದಯ ಸೋತ ಹಸುವಿಗೆ ನರದ ಮೂಲಕ ಬೇಗ ಬೇಗ ಕ್ಯಾಲ್ಸಿಯಂ ಕೊಟ್ಟರೆ ಹೃದಯ ನಿಂತು ಹೋಗಬಹುದು.

ಎರಡು ಹಸುವೂ ಮಲಗಿದ್ದ ರೀತಿ ಹೆಚ್ಚುಕಡಿಮೆ ಒಂದೇ. ಎರಡರ ವ್ಯತ್ಯಾಸ ಹೇಳಬಹುದಾಗಿದ್ದ ವಸ್ತು ನೂರಿನ್ನೂರು ರೂಪಾಯಿಯದು, ಅದು ಎರಡೂ ಮನೆಯಲ್ಲಿ ಇರಲಿಲ್ಲ.

ಮೊದಲ ಐದು ನಿಮಿಷ

ಥರ್ಮಾಮೀಟರ್ ತನ್ನಿ. ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರೇ ಸಾಕು, ಆದರೆ ಕೊಟ್ಟಿಗೆಗೆ ಅಂತ ಬೇರೆಯೇ ಇಟ್ಟುಕೊಳ್ಳಿ. ಹಿಂಬದಿಗೆ ಒಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಬಟ್ಟೆ ಕ್ಲಿಪ್ ಹಾಕಿ ಬಾಲದ ಕೂದಲಿಗೆ ಸಿಕ್ಕಿಸಿ. ಇಲ್ಲದಿದ್ದರೆ ಒಳಗೆ ಹೋಗಿಬಿಡುತ್ತದೆ, ಇಲ್ಲವೇ ಹಸು ಸಗಣಿ ಹಾಕುವಾಗ ಬಿದ್ದು ಒಡೆಯುತ್ತದೆ. ತುದಿಗೆ ಎಣ್ಣೆ ಸವರಿ, ಗುದದ್ವಾರದೊಳಗೆ ಸ್ವಲ್ಪ ಓರೆ ಹಿಡಿದು ಒಳಗೋಡೆಗೆ ತಾಗುವಂತೆ ಇಡಿ. ಸುಮ್ನೆ ನೇರ ಚುಚ್ಚಿದರೆ ತುದಿ ಸಗಣಿಯೊಳಗೆ ಹೂತು ಕಡಿಮೆ ತೋರಿಸುತ್ತದೆ. ಬೀಪ್ ಬಂದ ಮೇಲೂ ಎರಡು ನಿಮಿಷ ಬಿಟ್ಟು ನೋಡುವುದು ನನ್ನ ಅಭ್ಯಾಸ. ಆರೋಗ್ಯವಾಗಿರುವ ದನಕ್ಕೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಲ್ಲಿ ಕಟ್ಟಿದ್ದ ದನ, ಗುಡ್ಡ ಹತ್ತಿ ಬಂದ ದನ ಇದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು, ಅದನ್ನು ಕಾಯಿಲೆ ಅಂದುಕೊಳ್ಳಬೇಡಿ. ನೆರಳಲ್ಲಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ.

ಒಂದು ಮುಖ್ಯ ವಿಷಯ. ಜ್ವರದ ಇಂಜೆಕ್ಷನ್ ಕೊಟ್ಟಾದ ಮೇಲೆ ಥರ್ಮಾಮೀಟರ್ ಹಿಡಿದರೆ ಅದು ಇಂಜೆಕ್ಷನ್ನಿನ ಕತೆ ಹೇಳುತ್ತದೆಯೇ ಹೊರತು ಕಾಯಿಲೆಯದ್ದಲ್ಲ. ಆದ್ದರಿಂದ ಅಳೆಯುವುದು ಮೊದಲು, ಚುಚ್ಚುವುದು ಆಮೇಲೆ.

ಅದರ ಜೊತೆಗೇ ನೋಡಿಕೊಳ್ಳಬೇಕಾದದ್ದು: ಕರು ಹಾಕಿ ಎಷ್ಟು ದಿನವಾಯಿತು, ಎಷ್ಟನೇ ಕರು. ಮೂಗಿನ ಮೇಲೆ ಬೆವರ ಹನಿ ಇದೆಯೋ, ಒಣಗಿದೆಯೋ. ಕಣ್ಣಿನ ಕೆಳರೆಪ್ಪೆ ಎಳೆದರೆ ಒಳಗೆ ಗುಲಾಬಿ ಬಣ್ಣವೋ, ಬಿಳಿಚಿದೆಯೋ, ಹಳದಿಯೋ. ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿಯಿರಿ, ಎರಡು ನಿಮಿಷದಲ್ಲಿ ಎರಡು ಮೂರು ಸಲ ಹೊಟ್ಟೆ ಒಳಗಿಂದ ಉರುಳಿ ಬಂದು ಕೈಯನ್ನು ಹೊರಗೆ ತಳ್ಳಬೇಕು. ತಳ್ಳದಿದ್ದರೆ ಹೊಟ್ಟೆ ಕೆಲಸ ನಿಲ್ಲಿಸಿದೆ ಎಂದರ್ಥ. ನಾಲ್ಕೂ ಮೊಲೆಯಿಂದ ಎರಡೆರಡು ಧಾರೆ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿ. ಉಚ್ಚೆಯ ಬಣ್ಣ ನೋಡಿ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ಡಾಕ್ಟರಿಗೆ ಫೋನ್ ಮಾಡಿದಾಗ "ಸರ್, ಹಸುಗೆ ಹುಷಾರಿಲ್ಲ" ಅನ್ನುವುದಕ್ಕೂ "ನಾಲ್ಕನೇ ಕರು, ಹಾಕಿ 10 ಗಂಟೆ, 97 ಡಿಗ್ರಿ, ಸಗಣಿ ಹಾಕಿಲ್ಲ" ಅನ್ನುವುದಕ್ಕೂ ಅಜಗಜಾಂತರ. ಎರಡನೆಯದನ್ನು ಕೇಳಿದ ಡಾಕ್ಟರು ಬೈಕ್ ಹತ್ತುವಾಗಲೇ ಯಾವ ಬಾಟಲಿ ಹಿಡಿದುಕೊಳ್ಳಬೇಕು ಅಂತ ನಿರ್ಧರಿಸಿರುತ್ತಾರೆ.

ಮೈ ತಣ್ಣಗಿದ್ದರೆ

ಕರು ಹಾಕಿ ಎರಡು ಮೂರು ದಿನದೊಳಗೆ, ಅದರಲ್ಲೂ ಮೊದಲ 24 ಗಂಟೆಯಲ್ಲಿ, ಮೂರನೇ ಕರುವಿನ ನಂತರದ ಹಾಲು ಜಾಸ್ತಿ ಕೊಡುವ ಹಸು, ಕಿವಿ ತಣ್ಣಗೆ, ಮೂಗು ಒಣಗಿ, ಕುತ್ತಿಗೆ ಕೊಂಕಿಸಿ ಮಲಗಿ, ಸಗಣಿ ಉಚ್ಚೆ ಎರಡೂ ನಿಂತು, ಥರ್ಮಾಮೀಟರ್ 100ಕ್ಕಿಂತ ಕೆಳಗಿದ್ದರೆ ಹೆಚ್ಚಿನ ಮಟ್ಟಿಗೆ ಅದು ಹಾಲು ಜ್ವರವೇ. ಜರ್ಸಿಗೆ ಇದು ಜಾಸ್ತಿ. ನಮ್ಮ ಮಲೆನಾಡು ಗಿಡ್ಡ ತಳಿಯಲ್ಲಿ ಅಪರೂಪ, ದಿನಕ್ಕೆ ಮೂರು ನಾಲ್ಕು ಲೀಟರ್ ಹಾಲಿಗೆ ಅಷ್ಟೊಂದು ಕ್ಯಾಲ್ಸಿಯಂ ಖರ್ಚಾಗುವುದಿಲ್ಲವಲ್ಲ.

ಲೆಕ್ಕ ನೋಡಿ. ಹಸುವಿನ ರಕ್ತದಲ್ಲಿ ಓಡಾಡುವ ಕ್ಯಾಲ್ಸಿಯಂ ಒಟ್ಟು ಮೂರು ನಾಲ್ಕು ಗ್ರಾಂ. ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಸುಮಾರು ಎರಡು ಗ್ರಾಂ ಹೋಗುತ್ತದೆ. ಹತ್ತು ಲೀಟರ್ ಗಿಣ್ಣು ಒಂದೇ ಸಲ ಹಿಂಡಿದರೆ ರಕ್ತದಲ್ಲಿರುವುದರ ಐದಾರು ಪಟ್ಟು ಹೊರಗೆ ಬಂತು. ಅದನ್ನು ಮೂಳೆಯಿಂದ ಮತ್ತು ಕರುಳಿನಿಂದ ತುಂಬಿಕೊಳ್ಳಬೇಕು. ವಯಸ್ಸಾದ ಹಸುವಿಗೆ ಅಷ್ಟು ಬೇಗ ಆಗುವುದಿಲ್ಲ. ಕ್ಯಾಲ್ಸಿಯಂ ಇಲ್ಲದೆ ಮಾಂಸಖಂಡ ಕೆಲಸ ಮಾಡುವುದಿಲ್ಲ. ಕಾಲು ನಿಲ್ಲುತ್ತದೆ, ಹೊಟ್ಟೆ ನಿಲ್ಲುತ್ತದೆ, ಕೊನೆಗೆ ಹೃದಯ.

ಅದಕ್ಕೇ ಗಬ್ಬದ ಕೊನೇ ತಿಂಗಳಲ್ಲಿ "ಗಟ್ಟಿಯಾಗಲಿ" ಅಂತ ಕ್ಯಾಲ್ಸಿಯಂ ಬಾಟಲಿ ಕುಡಿಸುವವರಿಗೆ ನಾನು ಬೇಡ ಅನ್ನುವುದು. ಬಾಯಿಂದಲೇ ಧಾರಾಳವಾಗಿ ಬರುತ್ತಿದ್ದರೆ ಮೂಳೆಯಿಂದ ಎಳೆದುಕೊಳ್ಳುವ ಅಭ್ಯಾಸ ದೇಹಕ್ಕೆ ತಪ್ಪಿ ಹೋಗುತ್ತದೆ. ಕರು ಹಾಕಿದ ದಿನ ಇದ್ದಕ್ಕಿದ್ದಂತೆ ಬೇಕಾದಾಗ ಅದು ತಯಾರಿರುವುದಿಲ್ಲ. ಕ್ಯಾಲ್ಸಿಯಂ ಬೇಕಾಗುವುದು ಕರು ಹಾಕುವ ಹೊತ್ತಿನಿಂದ ಆಚೆಗೆ.

ಇಲ್ಲಿ ದೊಡ್ಡ ತಪ್ಪು ಆಗುವುದು ಗೊಟ್ಟದಿಂದ, ಅಂದರೆ ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆಯಿಂದ. ಹಾಲು ಜ್ವರದ ಹಸುವಿಗೆ ಗಂಟಲಿನ ಸ್ನಾಯುವೂ ಸೋತಿರುತ್ತದೆ, ಅದು ನುಂಗಲಾರದು. ತಲೆ ಎತ್ತಿ ಹಿಡಿದು ಕಷಾಯವೋ ಬೆಲ್ಲದ ನೀರೋ ಕ್ಯಾಲ್ಸಿಯಂ ಬಾಟಲಿಯೋ ಬಾಯಿಗೆ ಸುರಿದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಏರಿಸಿದ ಮೇಲೆ ಎದ್ದು ನಿಂತ ಹಸು ಮೂರು ದಿನದ ನಂತರ ಕೆಮ್ಮಿ ಕೆಮ್ಮಿ ಸಾಯುವುದು ಹೀಗೆ. ಮಲಗಿದ ದನಕ್ಕೆ ಗೊಟ್ಟ ಹಿಡಿಯಲೇಬೇಡಿ.

ಡಾಕ್ಟರು ಬಂದರೆ 450 ಮಿ.ಲೀ. ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಬಾಟಲಿಯನ್ನು ಕುತ್ತಿಗೆಯ ನರಕ್ಕೆ ನಿಧಾನ ಬಿಡುತ್ತಾರೆ. ನಿಧಾನ ಅಂದರೆ 10–20 ನಿಮಿಷ, ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡು. ನಮ್ಮ ಗೌರಿಗೆ ಅರ್ಧ ಬಾಟಲಿ ಹೋಗುವಷ್ಟರಲ್ಲಿ ಪಕ್ಕೆಯ ಚರ್ಮ ಸಣ್ಣಗೆ ನಡುಗತೊಡಗಿತು. ಆಮೇಲೆ ಒಂದು ದೊಡ್ಡ ತೇಗು. ಒಣಗಿದ್ದ ಮೂಗಿನ ಮೇಲೆ ಸಾಸಿವೆ ಕಾಳಿನಷ್ಟು ದಪ್ಪದ ಬೆವರ ಹನಿಗಳು ಒಂದೊಂದಾಗಿ ಮೂಡಿದವು. ಅಮ್ಮ ಅದನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಟ್ಟಿ ಸಗಣಿ ಹಾಕಿತು, ಅರ್ಧ ಗಂಟೆಯಲ್ಲಿ ಎದ್ದು ನಿಂತು ಕರುವನ್ನು ನೆಕ್ಕಿತು.

ಆದರೆ ತಣ್ಣಗಿರುವುದೆಲ್ಲ ಹಾಲು ಜ್ವರವಲ್ಲ. ಕೆಚ್ಚಲು ಬಾವು ವಿಷವಾಗಿ ಮೈಗೇರಿದ ಹಸು ಮೊದಲು ಸುಟ್ಟು, ಆಮೇಲೆ ತಣ್ಣಗಾಗಿ, ಥೇಟ್ ಹೀಗೆಯೇ ಮಲಗುತ್ತದೆ. ಇದು ಕೂಡ ಕರು ಹಾಕಿದ ಹೊಸತರಲ್ಲೇ ಜಾಸ್ತಿ. ಕಪ್ಪು ಬಟ್ಟೆಯ ಪರೀಕ್ಷೆ ಇಟ್ಟುಕೊಂಡದ್ದು ಇದಕ್ಕೇ. ಒಂದು ಮೊಲೆಯಿಂದ ಹಾಲಿನ ಬದಲು ಹಳದಿ ನೀರು ಅಥವಾ ಮೊಸರಿನ ಚೂರು ಬಂದರೆ, ಆ ಕಡೆಯ ಕೆಚ್ಚಲು ಗಟ್ಟಿಯಾಗಿ ಬಾತಿದ್ದರೆ, ಕ್ಯಾಲ್ಸಿಯಂ ಒಂದರಿಂದ ಅದು ಏಳುವುದಿಲ್ಲ. ಕಣ್ಣು ಒಳಗೆ ಹೋಗಿ, ಭೇದಿಯೂ ಇದ್ದರೆ ಅನುಮಾನ ಇನ್ನೂ ಗಟ್ಟಿ. ಇದಕ್ಕೆ ಕೊಡುವ ಆ್ಯಂಟಿಬಯಾಟಿಕ್ ಹಾಲಿಗೂ ಇಳಿಯುತ್ತದೆ, ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ.

ಮೈ ಸುಡುತ್ತಿದ್ದರೆ

103 ದಾಟಿತು ಅಂದರೆ ಹಾಲು ಜ್ವರವನ್ನು ತಲೆಯಿಂದ ತೆಗೆದು ಸೋಂಕು ಹುಡುಕಿ. ನಮ್ಮ ಕಡೆ ಕ್ರಾಸ್ ಹಸುವಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಉಣುಗಿನಿಂದ ಬರುವ ಕಾಯಿಲೆಗಳನ್ನು. ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲಿಗೂ ತೊಡೆಗೂ ನಡುವೆ ಬೆರಳಾಡಿಸಿ. ಆಮೇಲೆ ಭುಜದ ಮುಂದೆ, ಕುತ್ತಿಗೆ ಸೇರುವ ಜಾಗದಲ್ಲಿ ಕೈಯಿಟ್ಟು ಒತ್ತಿ. ಅಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಚರ್ಮದ ಕೆಳಗೆ ಜಾರುತ್ತಿದ್ದರೆ, 104–106 ಜ್ವರ, ಕಣ್ಣಿನ ಒಳಗೆ ಬಿಳಿಚಿಕೊಂಡಿದ್ದರೆ ಥೈಲೇರಿಯಾ ಅನುಮಾನ ಪಡಬೇಕು. ಚಿಕ್ಕಮ್ಮನ ಹಸುವಿಗೆ ಇದೇ ಆಗಿದ್ದಿರಬೇಕು, ರಕ್ತ ಪರೀಕ್ಷೆ ಮಾಡಿಸಿರಲಿಲ್ಲವಾದ್ದರಿಂದ ಖಚಿತವಾಗಿ ಹೇಳುವಂತಿಲ್ಲ.

ರಕ್ತ ಪರೀಕ್ಷೆ ಅಂದರೆ ದೊಡ್ಡ ಕೆಲಸವೇನಲ್ಲ. ಕಿವಿಯ ತುದಿಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಎಳೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದನ್ನು ಔಷಧಿ ಕೊಡುವ ಮೊದಲೇ ತೆಗೆಸಿ. ಯಾಕೆಂದರೆ ಥೈಲೇರಿಯಾಕ್ಕೆ ಬುಪಾರ್ವಕೋನ್, ಬೆಬೇಸಿಯಾಕ್ಕೆ ಡಿಮಿನಜೀನ್, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಮೂರೂ ಉಣುಗಿನಿಂದಲೇ ಬರುವ ಕಾಯಿಲೆ, ಮೂರಕ್ಕೂ ಮದ್ದು ಬೇರೆ. ಬುಪಾರ್ವಕೋನ್ ದುಬಾರಿ ಔಷಧಿ, ಸುಮ್ನೆ ಅಂದಾಜಿಗೆ ಹಾಕಿಸುವಂಥದ್ದಲ್ಲ. ಹಾಗಂತ ಗಂಟು, ಜ್ವರ, ಬಿಳಿಚು ಮೂರೂ ಇದ್ದಾಗ ವರದಿಗಾಗಿ ನಾಲ್ಕು ದಿನ ಕಾಯುವುದೂ ತಪ್ಪು. ರಕ್ತ ತೆಗೆದಿಟ್ಟು ಔಷಧಿ ಶುರು ಮಾಡಬೇಕೋ ಬೇಡವೋ ಅನ್ನುವುದನ್ನು ಡಾಕ್ಟರಿಗೆ ಬಿಡಿ.

ಉಣುಗಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಬರುವಂಥದ್ದು, ದನಗಳಿಗೆ ಏನೂ ಮಾಡುವುದಿಲ್ಲ, ಆದರೆ ಅದನ್ನು ಹರಡುವ ಉಣುಗು ದನದ ಮೈಮೇಲೆ ರಕ್ತ ಕುಡಿದು ಬೆಳೆಯುತ್ತದೆ. ಬೇಸಿಗೆಯಲ್ಲಿ ಕಾಡಿಗೆ ಮೇಯಲು ಹೋಗಿ ಬಂದ ದನದ ಉಣುಗನ್ನು ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಕುಕ್ಕುವ ಅಭ್ಯಾಸ ಬಿಡಿ. ದರಕು (ಒಣ ಎಲೆ) ತರಲು ಹೋಗುವಾಗ ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ.

ಜ್ವರ ಇದೆ, ಉಣುಗು ಇಲ್ಲ, ನಿನ್ನೆ ಮುಂದಿನ ಎಡಗಾಲು ಕುಂಟುತ್ತಿತ್ತು, ಇವತ್ತು ಹಿಂದಿನ ಬಲಗಾಲು, ಜೊಲ್ಲು ಸುರಿಯುತ್ತಿದೆ, ಮಳೆಗಾಲದಲ್ಲಿ ಅಕ್ಕಪಕ್ಕದ ಎರಡು ಮೂರು ಮನೆಯಲ್ಲೂ ಹೀಗೇ ಆಗಿದೆ ಅಂದರೆ ಅದು ಮೂರು ದಿನದ ಜ್ವರ ಇರಬಹುದು. ಹೆಸರಿಗೆ ತಕ್ಕಂತೆ ಮೂರು ದಿನದಲ್ಲಿ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಮಲಗಿದ ಭಾರದ ಹಸುವನ್ನು ಮಾತ್ರ ಮಗ್ಗುಲು ಬದಲಿಸುತ್ತಾ ನೋಡಿಕೊಳ್ಳಬೇಕು. ಇದರಲ್ಲೂ ನುಂಗುವುದು ಕಷ್ಟ, ಇಲ್ಲೂ ಗೊಟ್ಟ ಬೇಡ. ಜೊಲ್ಲಿನ ಜೊತೆ ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಗುಳ್ಳೆ ಇದ್ದರೆ ಕಾಲುಬಾಯಿ ಜ್ವರ. ಮೈತುಂಬ ಗಂಟೆದ್ದರೆ ಚರ್ಮಗಂಟು. ಇವೆರಡನ್ನೂ ಕಣ್ಣಲ್ಲೇ ಗುರುತಿಸಬಹುದು, ಉದ್ದಕ್ಕೆ ಬರೆಯುವುದಿಲ್ಲ.

ಕಾಯುವ ಹಾಗೇ ಇಲ್ಲದ ಎರಡಿವೆ. ಗಂಟಲು ಬಾತು, ಗೊರ ಗೊರ ಉಸಿರಾಟ, ಅದರಲ್ಲೂ ಎಮ್ಮೆ, ಮಳೆ ಹಿಡಿದ ಹೊಸತು: ಗಳಲೆ. ಮೈಕೈ ತುಂಬಿಕೊಂಡ ಎಳೇ ಕಡಸು ಅಥವಾ ಹೋರಿ, ತೊಡೆ ಬಾತು ಕುಂಟುತ್ತಿದೆ, ಬಾವನ್ನು ಒತ್ತಿದರೆ ಒಣ ತರಗೆಲೆ ತುಳಿದ ಹಾಗೆ ಚರಚರ ಅನ್ನುತ್ತದೆ: ಚಪ್ಪೆ ರೋಗ. ಎರಡರಲ್ಲೂ ದಿನವಲ್ಲ, ಗಂಟೆ ಲೆಕ್ಕ. ಮಳೆಗಾಲಕ್ಕೆ ಮೊದಲು ಎರಡಕ್ಕೂ ಲಸಿಕೆ ಹಾಕಿಸಿ. ಇದ್ದಕ್ಕಿದ್ದಂತೆ ಸತ್ತು, ಮೂಗಿನಿಂದ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ (ಆಂಥ್ರಾಕ್ಸ್) ಇರಬಹುದು. ಆ ಹೆಣವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಪಶು ಆಸ್ಪತ್ರೆಗೆ ಹೇಳಿ. ಅದು ಮನುಷ್ಯರಿಗೂ ಬರುತ್ತದೆ.

ಉಚ್ಚೆ ಕೆಂಪಾದರೆ

ಇದರಲ್ಲಿ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಒಂದು ಬಿಳಿ ಗಾಜಿನ ಬಾಟಲಿಯಲ್ಲಿ ಉಚ್ಚೆ ಹಿಡಿದು ಕಿಟಕಿಯ ಮೇಲೆ ಒಂದೆರಡು ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಕೆಂಪು ಗಸಿ ನಿಂತು ಮೇಲೆ ತಿಳಿಯಾದರೆ ಅದು ರಕ್ತವೇ, ಮೂತ್ರಚೀಲದಿಂದಲೋ ಮೂತ್ರಪಿಂಡದಿಂದಲೋ ಸೋರುತ್ತಿದೆ. ಗಸಿ ನಿಲ್ಲದೆ ಮೇಲಿಂದ ಕೆಳಗಿನ ತನಕ ಒಂದೇ ಸಮ ಕಾಫಿ ಡಿಕಾಕ್ಷನ್ ಬಣ್ಣ ಉಳಿದರೆ, ರಕ್ತಕಣಗಳು ಮೈಯೊಳಗೇ ಒಡೆದು ಅವುಗಳ ಬಣ್ಣ ಹೊರಗೆ ಬರುತ್ತಿದೆ.

ಡಿಕಾಕ್ಷನ್ ಬಣ್ಣದ ಜೊತೆ ಜೋರು ಜ್ವರ, ಉಣುಗು ಇದ್ದರೆ ಬೆಬೇಸಿಯಾ. ಅದೇ ಬಣ್ಣ, ಆದರೆ ಜ್ವರ ಇಲ್ಲ, ಕರು ಹಾಕಿ ಎರಡರಿಂದ ನಾಲ್ಕು ವಾರ, ಹಾಲು ಚೆನ್ನಾಗಿ ಕೊಡುತ್ತಿದ್ದ ಹಸು ಅಥವಾ ಎಮ್ಮೆ ಆಗಿದ್ದರೆ ರಂಜಕದ (ಫಾಸ್ಫರಸ್) ಕೊರತೆ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಪ್ರಯೋಜನವಿಲ್ಲ, ಎರಡರಲ್ಲೂ ರಕ್ತ ಬೇಗ ಇಳಿಯುತ್ತದೆ. ಇಲ್ಲೂ ದಾರಿ ತೋರಿಸುವುದು ಥರ್ಮಾಮೀಟರೇ ಅಲ್ವಾ?

ಗಸಿ ನಿಲ್ಲುವ ಕೆಂಪು, ಜ್ವರವಿಲ್ಲ, ತಿಂಗಳುಗಟ್ಟಲೆ ಬಂದು ಹೋಗಿ ಮಾಡುತ್ತಿದೆ, ಹಸು ಸೊರಗುತ್ತಿದೆ ಅಂದರೆ ಅದು ಎಲ್ಲಿ ಮೇಯುತ್ತದೆ ಅಂತ ನೋಡಿ. ಗುಡ್ಡದ ಬಯಲಿನಲ್ಲಿ ಬೆಳೆಯುವ ಬ್ರೇಕನ್ ಅನ್ನುವ ಜರಿಗಿಡವನ್ನು ಬಹಳ ಕಾಲ ತಿಂದ ದನಗಳ ಮೂತ್ರಚೀಲದಲ್ಲಿ ಗಡ್ಡೆ ಎದ್ದು ಹೀಗಾಗುತ್ತದೆ. ಅದಕ್ಕೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿ ದುಡ್ಡು ಕಳೆಯಬೇಡಿ, ಮೇಯುವ ಜಾಗ ಬದಲಿಸಿ.

ಜ್ವರವೂ ಇಲ್ಲ, ಮಲಗಿಯೂ ಇಲ್ಲ, ಸುಮ್ನೆ ಮೇವು ಬಿಟ್ಟಿದೆ

ಕರು ಹಾಕಿ ಎರಡು ವಾರದಿಂದ ಆರು ವಾರದೊಳಗೆ, ಹಿಂಡಿ ಬೂಸಾ ಮೂಸಿ ಬಿಡುತ್ತದೆ ಆದರೆ ಒಣಹುಲ್ಲು ಎಳೆಯುತ್ತದೆ, ಹಾಲು ದಿನದಿನಕ್ಕೆ ಇಳಿಯುತ್ತಿದೆ, ಮೈ ಕರಗುತ್ತಿದೆ, ಉಸಿರಿಗೆ ಅತಿಯಾಗಿ ಕಳಿತ ಹಣ್ಣಿನಂಥ ಸಿಹಿ ವಾಸನೆ. ಇದು ಕೀಟೋಸಿಸ್. ತಿನ್ನುವುದಕ್ಕಿಂತ ಹೆಚ್ಚು ಹಾಲಿಗೆ ಹೋಗುತ್ತಿದೆ, ಹಸು ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುತ್ತಿದೆ. ಆಸ್ಪತ್ರೆಯಲ್ಲಿ ಉಚ್ಚೆಗೆ ಪುಡಿ ಹಾಕಿ ನೋಡಿದರೆ ನೇರಳೆ ಬಣ್ಣ ಬರುತ್ತದೆ.

ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿದೆಯಂತೆ ಅಂತ ಕೇಳಿದ ಕೂಡಲೇ ನಮ್ಮವರು ಬೆಲ್ಲದ ಅಚ್ಚು ಒಡೆಯುತ್ತಾರೆ. ಹಸುವಿನ ಹೊಟ್ಟೆ ನಮ್ಮದರಂತಲ್ಲ. ಬೆಲ್ಲ ರಕ್ತಕ್ಕೆ ಸೇರುವ ಮೊದಲೇ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಹುಳಿ ಮಾಡಿಬಿಡುತ್ತವೆ. ಜಾಸ್ತಿ ಕೊಟ್ಟರೆ ಹೊಟ್ಟೆಯೇ ಕೆಡುತ್ತದೆ. ನರಕ್ಕೆ ಡೆಕ್ಸ್‌ಟ್ರೋಸ್, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್, ಇವು ಬೇಕು. ಅದರ ಪ್ರಮಾಣ ಡಾಕ್ಟರು ಹೇಳಲಿ.

ಹೊಟ್ಟೆ ಹುಳಿಯಾಗುವುದಕ್ಕೆ ನಮ್ಮಲ್ಲಿ ಕಾಲವೇ ಇದೆ. ಮೇ ಜೂನ್‌ನಲ್ಲಿ ಹಲಸಿನ ಹಣ್ಣು ಬಿದ್ದಾಗ, ಮದುವೆ ಮನೆಯಲ್ಲಿ ಅನ್ನ ಉಳಿದಾಗ. ಹಗ್ಗ ಬಿಚ್ಚಿಕೊಂಡು ಹೋದ ಹಸು ಎರಡು ಮೂರು ಹಣ್ಣು ಮುಗಿಸಿ ಬಂದು ಮರುದಿನ ಮೆಲುಕು ಹಾಕದೆ ನಿಂತಿರುತ್ತದೆ, ಹೊಟ್ಟೆ ಒತ್ತಿದರೆ ನೀರು ತುಂಬಿದ ಚೀಲದ ಹಾಗೆ, ಸಗಣಿ ಹುಳಿ ವಾಸನೆಯ ನೀರು. ನಿಂತಿದ್ದು ಸರಿಯಾಗಿ ನುಂಗುತ್ತಿದ್ದರೆ ಅಡುಗೆ ಸೋಡಾ ನೀರಿನಲ್ಲಿ ಕುಡಿಸಬಹುದು, ಎಷ್ಟು ಅಂತ ಫೋನಿನಲ್ಲಿ ಕೇಳಿಕೊಳ್ಳಿ. ಮಲಗಿಬಿಟ್ಟರೆ ಅದೂ ತಣ್ಣಗಾಗುತ್ತದೆ, ಅದನ್ನು ಹಾಲು ಜ್ವರ ಅಂದುಕೊಳ್ಳುವ ಅಪಾಯ ಇದೆ. ನಿನ್ನೆ ಏನು ತಿಂದಿತ್ತು ಅಂತ ಮನೆಯವರನ್ನೆಲ್ಲ ಕೇಳಿ.

ಕಣ್ಣು ಹಳದಿಯಾಗಿ ಮೂಗಿನ ಚರ್ಮ ಬಿರಿದು ಸುಲಿಯುತ್ತಿದ್ದರೆ ಲಂಟಾನ ತಿಂದಿದೆಯೇ ನೋಡಿ, ಬಿಸಿಲಿಗೆ ಬಿಡಬೇಡಿ. ತಿಂಗಳುಗಟ್ಟಲೆ ಸೊರಗಿ ದವಡೆಯ ಕೆಳಗೆ ನೀರು ಇಳಿದಿದ್ದರೆ, ಗದ್ದೆಯ ನೀರಿನ ಹುಲ್ಲು ಮೇಯುವ ದನವಾಗಿದ್ದರೆ, ಯಕೃತ್ತಿನ ಹುಳು. ಸಗಣಿ ಪರೀಕ್ಷೆಗೆ ಕೊಡಿ.

ಡಾಕ್ಟರು ಬರುವ ತನಕ

ಪಶು ಆಸ್ಪತ್ರೆಗೆ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಚೀಟಿ ಓದಿ. ಆಗಲೇ ಏನಾದರೂ ಔಷಧಿ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ.

ಮಲಗಿದ ಹಸುವನ್ನು ಅಡ್ಡಡ್ಡ ಬೀಳಲು ಬಿಡಬೇಡಿ, ಹೊಟ್ಟೆ ಉಬ್ಬರಿಸಿ ಉಸಿರುಕಟ್ಟುತ್ತದೆ. ಎದೆಯ ಮೇಲೆ ಕೂರಿಸಿ, ಎರಡೂ ಕಡೆ ಹುಲ್ಲು ತುಂಬಿದ ಚೀಲ ಒತ್ತುಕೊಡಿ. ಕೆಳಗೆ ದರಕು, ಒಣಹುಲ್ಲು ದಪ್ಪಗೆ ಹಾಸಿ. ಸಿಮೆಂಟ್ ನೆಲದ ಮೇಲೆ ಆರು ಗಂಟೆ ಒಂದೇ ಮಗ್ಗುಲಲ್ಲಿ ಬಿದ್ದರೆ ಕೆಳಗಿನ ಕಾಲಿನ ಮಾಂಸ ಜಜ್ಜಿಹೋಗುತ್ತದೆ. ಆಮೇಲೆ ಕ್ಯಾಲ್ಸಿಯಂ ಸರಿಹೋದರೂ ಹಸು ಏಳಲಾರದು. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ನಾಲ್ಕು ಜನ ಬೇಕು, ಆಚೆಮನೆಯವರನ್ನು ಕರೆಯಿರಿ.

ಹಾಲು ಜ್ವರದಿಂದ ಎದ್ದ ಹಸುವಿನ ಹಾಲನ್ನು ಆ ದಿನ ಪೂರ್ತಿ ಹಿಂಡಬೇಡಿ. ಕರುವಿಗೆ ಬೇಕಾದಷ್ಟು ತೆಗೆದು ಉಳಿದದ್ದು ಕೆಚ್ಚಲಲ್ಲೇ ಇರಲಿ. ಎದ್ದ ಮೇಲೂ ಕೆಲವು ಹಸು ಹನ್ನೆರಡು, ಇಪ್ಪತ್ತನಾಲ್ಕು ಗಂಟೆಯಲ್ಲಿ ಮತ್ತೆ ಮಲಗುತ್ತವೆ. ಆ ರಾತ್ರಿ ಎರಡು ಸಲವಾದರೂ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ, ಕಿವಿ ಮುಟ್ಟಿ ನೋಡಿ.